ಬೀದಿಯಲ್ಲಿ ತೆಗೆದ ವೆಟ್ ಪ್ಲೇಟ್ ಕೆಟ್ಟರೆ ತಪ್ಪು ಹುಡುಕುವುದು ಹೇಗೆ?

ವೆಟ್ ಪ್ಲೇಟ್ ಅಂದರೆ ಗಾಜು ಅಥವಾ ತಗಡಿನ ಪ್ಲೇಟಿಗೆ ರಾಸಾಯನಿಕ ಪದರ ಹಚ್ಚಿ, ಅದು ಹಸಿ ಇರುವಾಗಲೇ ಫೋಟೋ ತೆಗೆಯುವ ಹಳೇ ವಿಧಾನ. ಈ ಕೆಲಸದಲ್ಲಿ ಪ್ಲೇಟ್ ಕೆಡುವುದು ಮಾಮೂಲು. ಬೀದಿಗೆ ಇಳಿದರಂತೂ ಇನ್ನೂ ಜಾಸ್ತಿ. ಕೆಟ್ಟ ಮೇಲೆ ಏನು ಮಾಡುತ್ತೇವೆ ಅನ್ನುವುದೇ ಮುಖ್ಯ. ಎಷ್ಟೋ ಜನ ಪ್ಲೇಟನ್ನು ಅಲ್ಲೇ ಉಜ್ಜಿ ತೊಳೆದುಬಿಡುತ್ತಾರೆ. ಸಿಲ್ವರ್ ಬಾತ್‌ಗೆ (ಪ್ಲೇಟ್ ಅದ್ದುವ ಬೆಳ್ಳಿ ದ್ರಾವಣಕ್ಕೆ) ಎರಡು ತೊಟ್ಟು ಆಸಿಡ್ ಹಾಕುತ್ತಾರೆ, ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಬದಲಾಯಿಸುತ್ತಾರೆ, ಎಕ್ಸ್‌ಪೋಷರನ್ನೂ (ಬೆಳಕು ಕೊಡುವ ಹೊತ್ತನ್ನೂ) ಹೆಚ್ಚಿಸುತ್ತಾರೆ. ಮೂರನ್ನೂ ಒಟ್ಟಿಗೆ! ಮುಂದಿನ ಪ್ಲೇಟ್ ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಕೆಟ್ಟರೆ ಯಾಕೆ ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ.

ಕೆಟ್ಟ ಪ್ಲೇಟನ್ನು ಬಿಸಾಡಬೇಡಿ. ಫಿಕ್ಸ್ ಮಾಡಿ (ಚಿತ್ರ ಬೆಳಕಿಗೆ ಕೆಡದ ಹಾಗೆ ನಿಲ್ಲಿಸಿ), ತೊಳೆದು, ಒಣಗಿಸಿ ಇಟ್ಟುಕೊಳ್ಳಿ. ಕಲೆ ಪ್ಲೇಟಿನ ಯಾವ ಭಾಗದಲ್ಲಿದೆ, ಅದರ ಆಕಾರ ಏನು, ಯಾವ ದಿಕ್ಕಿಗೆ ಹರಿದಿದೆ ಅಂತ ನೋಡಿ. ತಪ್ಪು ಎಲ್ಲಿ ಆಯಿತು ಅನ್ನುವುದಕ್ಕೆ ಹೆಚ್ಚಿನ ಸಲ ಪ್ಲೇಟಿನ ಮೇಲೆಯೇ ಉತ್ತರ ಇರುತ್ತದೆ. ಔಷಧಿ (ರಾಸಾಯನಿಕ) ಬಾಟಲಿಗೆ ಕೈ ಹಾಕುವುದು ಆಮೇಲೆ.

ಕೆಲಸದ ಹಂತಗಳನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಫ್ರೆಡರಿಕ್ ಸ್ಕಾಟ್ ಆರ್ಚರ್ ಈ ವಿಧಾನವನ್ನು 1851ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಗೌರವ. ಗಾಜಿನ ಮೇಲೆ ಕೊಲೋಡಿಯನ್ ಸುರಿದು, ನಾಲ್ಕೂ ಮೂಲೆಗೆ ಹರಿಸಿ, ಉಳಿದದ್ದನ್ನು ಒಂದು ಮೂಲೆಯಿಂದ ಬಾಟಲಿಗೆ ಬಸಿಯಬೇಕು. ಕೊಲೋಡಿಯನ್ ಅಂದರೆ ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ಗನ್ ಕಾಟನ್ (ಆಸಿಡ್‌ನಲ್ಲಿ ನೆನೆಸಿ ತಯಾರಿಸಿದ ಹತ್ತಿ). ಅದರಲ್ಲಿ ಅಯೋಡೈಡ್, ಬ್ರೋಮೈಡ್ ಲವಣಗಳಿರುತ್ತವೆ. ಪದರ ಅಂಟಂಟಾಗುತ್ತಿದ್ದ ಹಾಗೆ ಪ್ಲೇಟನ್ನು ಸಿಲ್ವರ್ ನೈಟ್ರೇಟ್ ಬಾತ್‌ನಲ್ಲಿ 3-4 ನಿಮಿಷ ಇಳಿಬಿಡಬೇಕು. ಹೊರಗೆ ತೆಗೆದು ಹೋಲ್ಡರ್‌ಗೆ (ಬೆಳಕು ತಾಗದ ತೆಳು ಪೆಟ್ಟಿಗೆಗೆ) ಹಾಕಿ, ಕ್ಯಾಮೆರಾದಲ್ಲಿ ಬೆಳಕು ಕೊಟ್ಟು, ಹಸಿ ಇರುವಾಗಲೇ ಕತ್ತಲೆ ಡೇರೆಗೆ ತಂದು ಫೆರಸ್ ಸಲ್ಫೇಟ್ ಡೆವಲಪರ್ ಹರಿಸಬೇಕು. ತೊಳೆದು ಫಿಕ್ಸ್ ಮಾಡಬೇಕು. ಎಲ್ಲವೂ ಆ ಜಾಗದಲ್ಲೇ ಆಗಬೇಕು. ಪ್ಯಾರಿಸ್‌ನ ಹಳೇ ಬೀದಿಗಳನ್ನು ಶಾರ್ಲ್ ಮಾರ್ವಿಲ್ 1860ರ ದಶಕದಲ್ಲಿ ತೆಗೆದದ್ದು ಹೀಗೆ. ಗ್ಲಾಸ್ಗೋದ ಇಕ್ಕಟ್ಟಿನ ಗಲ್ಲಿಗಳನ್ನು ಥಾಮಸ್ ಆನನ್ 1868ರಿಂದ 1871ರ ನಡುವೆ ತೆಗೆದದ್ದೂ ಹೀಗೆಯೇ.

ಮೊದಲು ಪ್ಲೇಟಿಗೆ ಗುರುತು ಹಾಕಿ

ಕೊಲೋಡಿಯನ್ ಬಸಿದ ಮೂಲೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಪ್ಲೇಟ್ ಓದಲು ಆಗುವುದಿಲ್ಲ. ಗಾಜಿನ ಒಂದು ಮೂಲೆಯಲ್ಲಿ ಮೊದಲೇ ಸಣ್ಣ ಗೀರು ಹಾಕಿ. ಯಾವತ್ತೂ ಅದೇ ಮೂಲೆಯಿಂದ ಬಸಿಯಿರಿ. ಹೋಲ್ಡರ್‌ಗೂ ಯಾವತ್ತೂ ಒಂದೇ ದಿಕ್ಕಿನಲ್ಲಿ ಹಾಕಿ.

ಇನ್ನೊಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕ್ಯಾಮೆರಾದೊಳಗೆ ಬಿಂಬ ತಲೆಕೆಳಗಾಗಿರುತ್ತದೆ. ಹೋಲ್ಡರ್‌ನ ಕೆಳಗಿನ ಅಂಚಿನಲ್ಲಿ ಇದ್ದದ್ದು ಚಿತ್ರದಲ್ಲಿ ಆಕಾಶ. ಮೇಲಿನ ಅಂಚಿನಲ್ಲಿ ಇದ್ದದ್ದು ರಸ್ತೆ. ಹಾಗಾಗಿ ಆಕಾಶದ ಕಡೆ ಬಂದ ಕಲೆಗೆ ಹೋಲ್ಡರ್‌ನ ತಳ ನೋಡಬೇಕು. ರಸ್ತೆಯ ಕಡೆ ಬಂದ ಕಲೆಗೆ ಹೋಲ್ಡರ್‌ನ ಮೇಲ್ಭಾಗ ನೋಡಬೇಕು. ಇದನ್ನು ಮರೆತವರು ಡೆವಲಪರ್ ಮೇಲೆ ಸುಮ್ನೆ ಅನುಮಾನ ಪಡುತ್ತಾ ಕೂರುತ್ತಾರೆ.

ಇಡೀ ಪ್ಲೇಟ್ ಮಬ್ಬಾಗಿದ್ದರೆ

ಬೀದಿ ಪ್ಲೇಟುಗಳ ದೊಡ್ಡ ಕಾಯಿಲೆ ಇದು. ಪಾಸಿಟಿವ್ (ಪ್ಲೇಟಿನಲ್ಲೇ ನೋಡುವ ಚಿತ್ರ) ಆದರೆ ನೆರಳಿನ ಭಾಗ ಕಪ್ಪಾಗಿ ಕಾಣದೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ನೆಗೆಟಿವ್ (ಕಾಗದಕ್ಕೆ ಪ್ರಿಂಟ್ ತೆಗೆಯುವ ಪ್ಲೇಟ್) ಆದರೆ ಪಾರದರ್ಶಕ ಆಗಿರಬೇಕಾದ ಜಾಗದ ಮೇಲೂ ತೆಳು ಪರದೆ ಕೂತಿರುತ್ತದೆ. ಇದಕ್ಕೆ ಕಾರಣ ಒಂದಲ್ಲ, ಏಳೆಂಟು. ಆದರೆ ಒಂದೊಂದೇ ಬಿಡಿಸಿ ನೋಡಬಹುದು.

ಹೋಲ್ಡರ್‌ನ ಮೂಲೆ ಅಥವಾ ಅಂಚು ಪ್ಲೇಟಿನ ಸ್ವಲ್ಪ ಜಾಗವನ್ನು ಮುಚ್ಚಿರುತ್ತದೆ. ಲೆನ್ಸ್ ಬೆಳಕು ಅಲ್ಲಿಗೆ ತಾಕಿರುವುದಿಲ್ಲ. ಮೊದಲು ಆ ಜಾಗ ನೋಡಿ. ಅದು ಶುಭ್ರವಾಗಿದ್ದು ಮಿಕ್ಕ ಭಾಗ ಮಾತ್ರ ಮಬ್ಬಾಗಿದ್ದರೆ ಔಷಧಿಗಳು ಸರಿಯಾಗಿವೆ. ಬೆಳಕು ಕ್ಯಾಮೆರಾದೊಳಗೆ ಜಾಸ್ತಿ ಬಿದ್ದಿದೆ, ಅಷ್ಟೇ. ಮುಚ್ಚಿದ್ದ ಜಾಗವೂ ಮಬ್ಬಾಗಿದ್ದರೆ ತಪ್ಪು ಬಾತ್, ಡೆವಲಪರ್, ಕೊಲೋಡಿಯನ್ ಅಥವಾ ಡೇರೆಯಲ್ಲಿದೆ. ಈ ಒಂದು ನೋಟ ಅರ್ಧ ಕೆಲಸ ಮುಗಿಸುತ್ತದೆ.

ಇನ್ನು ಪರೀಕ್ಷೆಗಳು. ಇವನ್ನು ಬೀದಿಯಲ್ಲೇ ಮಾಡಬೇಕು. ಮನೆಯ ನೆರಳಿನಲ್ಲಿ ಮಾಡಿದರೆ ಬೆಳಕಿನ ಸೋರಿಕೆ ಸಿಗುವುದಿಲ್ಲ.

ಒಂದು ಪ್ಲೇಟ್ ಸಿದ್ಧ ಮಾಡಿ, ಬಾತ್‌ನಿಂದ ತೆಗೆದು, ಡೇರೆಯೊಳಗೆ ಮೇಜಿನ ಮೇಲೆ ಮಲಗಿಸಿ. ಅದರ ಮೇಲೆ ಒಂದು ತುಂಡು ಕಪ್ಪು ರಟ್ಟನ್ನು, ಪದರಕ್ಕೆ ತಾಗದ ಹಾಗೆ, ಸ್ವಲ್ಪ ಎತ್ತರದಲ್ಲಿ ಅಡ್ಡ ಇಡಿ. ಎರಡು ನಿಮಿಷ ಬಿಟ್ಟು ಡೆವಲಪ್ ಮಾಡಿ. ರಟ್ಟಿನ ನೆರಳು ಪ್ಲೇಟಿನಲ್ಲಿ ಬಂದರೆ ಡೇರೆಯೊಳಗೆ ಬೆಳಕು ನುಗ್ಗುತ್ತಿದೆ. ನೆರಳೂ ಇಲ್ಲ, ಪ್ಲೇಟ್ ಪೂರ್ತಿ ಒಂದೇ ಸಮ ಮಬ್ಬಾಗಿದೆ ಅಂದರೆ ತಪ್ಪು ಔಷಧಿಯಲ್ಲಿದೆ. ಪ್ಲೇಟ್ ಶುಭ್ರವಾಗಿದ್ದರೆ ಡೇರೆ, ಔಷಧಿ ಎರಡೂ ಪಾಸಾದವು.

ಆಮೇಲೆ ಇನ್ನೊಂದು ಪ್ಲೇಟ್ ಹೋಲ್ಡರ್‌ಗೆ ಹಾಕಿ, ಬಿಸಿಲಿನಲ್ಲಿ ನಿಂತ ಕ್ಯಾಮೆರಾಕ್ಕೆ ಸೇರಿಸಿ. ಲೆನ್ಸ್ ಮುಚ್ಚಳ ತೆಗೆಯಬೇಡಿ. ಹೋಲ್ಡರ್‌ನಲ್ಲಿ ಪ್ಲೇಟನ್ನು ಮುಚ್ಚಿರುವ ತಗಡು ಮಾತ್ರ ಎಳೆದು, ನೀವು ಎಂದಿನಂತೆ ಕೊಡುವಷ್ಟು ಹೊತ್ತು ಬಿಟ್ಟು ಮುಚ್ಚಿ. ಡೆವಲಪ್ ಮಾಡಿ. ಈಗ ಮಬ್ಬು ಬಂದರೆ ಬೆಲ್ಲೋಸ್ (ಕ್ಯಾಮೆರಾದ ಮಡಿಕೆ ಚೀಲ) ಅಥವಾ ಹೋಲ್ಡರ್ ಸೋರುತ್ತಿದೆ. ತಗಡು ಎಳೆಯುವ ಸೀಳಿನಿಂದ ಬಂದ ಬೆಳಕು ಅಂಚಿನಿಂದ ಜ್ವಾಲೆಯ ಹಾಗೆ ಒಳಕ್ಕೆ ಚಾಚಿರುತ್ತದೆ. ಬೆಲ್ಲೋಸ್‌ನ ತೂತಿನಿಂದ ಬಂದದ್ದು ಅಂಚು ಗೊತ್ತಾಗದ ಹಾಗೆ ಮಸುಕು ಮಸುಕಾಗಿ ಹರಡಿರುತ್ತದೆ. ಎರಡಕ್ಕೂ ಅಲ್ಲಿಗೆ ಆಗುವ ಪರಿಹಾರ ಒಂದೇ: ಕ್ಯಾಮೆರಾದ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ತಗಡನ್ನು ಬಟ್ಟೆಯ ಒಳಗಿನಿಂದಲೇ ಎಳೆಯಿರಿ.

ಡೇರೆಯ ಬೆಳಕು ಕಾರಣ ಆಗಿದ್ದರೆ ಬಟ್ಟೆ ಪರೀಕ್ಷಿಸಿ. ಕೊಲೋಡಿಯನ್‌ಗೆ ತಾಕುವುದು ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕು. ಹಳದಿ, ಕೆಂಪು ಬೆಳಕು ಅದಕ್ಕೆ ಹೆಚ್ಚುಕಡಿಮೆ ಕತ್ತಲೆಯೇ. ಅದಕ್ಕೇ ಹಿಂದಿನವರು ಡೇರೆಗೆ ಹಳದಿ ಬಟ್ಟೆಯ ಕಿಟಕಿ ಇಡುತ್ತಿದ್ದರು. ಬಿಸಿಲಿಗೆ ಆ ಬಟ್ಟೆಯ ಬಣ್ಣ ಮಾಸುತ್ತದೆ. ಕಣ್ಣಿಗೆ ಇನ್ನೂ ಹಳದಿಯಾಗಿಯೇ ಕಾಣುತ್ತಿದ್ದರೂ ನೀಲಿ ಬೆಳಕು ಒಳಗೆ ಬರುತ್ತಿರುತ್ತದೆ. ಡೇರೆಯ ಬುಡದಲ್ಲಿ ನೆಲದಿಂದ ಚಿಮ್ಮುವ ಬೆಳಕನ್ನೂ ಮರೆಯಬೇಡಿ.

ಔಷಧಿಯೇ ಕಾರಣ ಅಂತ ಖಚಿತವಾದರೆ ಮೊದಲು ಬಾತ್. ಅದು ಸ್ವಲ್ಪ ಆಮ್ಲೀಯವಾಗಿ ಇರಬೇಕು. ಪಿಎಚ್ ಕಾಗದದಲ್ಲಿ ಸುಮಾರು 4 ಬಂದರೆ ಸಾಕು. ಕಾಗದವನ್ನು ತಕ್ಷಣ ಓದಿ, ಬೆಳ್ಳಿ ತಾಕಿದ್ದರಿಂದ ಅದು ಆಮೇಲೆ ಕಪ್ಪಾಗುತ್ತದೆ. ಆಮ್ಲ ಕಡಿಮೆ ಇದ್ದರೆ ತಿಳಿ ಮಾಡಿದ ನೈಟ್ರಿಕ್ ಆಸಿಡ್ ತೊಟ್ಟು ತೊಟ್ಟಾಗಿ ಹಾಕಿ, ಪ್ರತಿ ಸಲ ಅಳೆಯಿರಿ. ಜಾಸ್ತಿ ಆದರೆ ಪ್ಲೇಟ್ ಮಂದವಾಗುತ್ತದೆ. ಬೀದಿಯಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ, ಅಲ್ವಾ?

ಪಿಎಚ್ ಸರಿ ಇದ್ದೂ ಮಬ್ಬು ಬರುತ್ತಿದ್ದರೆ ಬಾತ್ ಕೊಳೆಯಾಗಿದೆ. ಒಂದೊಂದು ಪ್ಲೇಟ್ ಮುಳುಗಿಸಿದಾಗಲೂ ಸ್ವಲ್ಪ ಈಥರ್, ಆಲ್ಕೋಹಾಲ್, ಧೂಳು ಅದಕ್ಕೆ ಸೇರುತ್ತವೆ. ಪರಿಹಾರ ಹಳೆಯದೇ. ಅಡಿಗೆ ಸೋಡಾ ಹಾಕಿ ಆಮ್ಲ ಕಳೆದು, ಬಿಳಿ ಗಾಜಿನ ಜಾರಿನಲ್ಲಿ ಕೆಲವು ದಿನ ಬಿಸಿಲಿಗೆ ಇಡಿ. ಕೊಳೆ ಕಪ್ಪಾಗಿ ತಳಕ್ಕೆ ಇಳಿಯುತ್ತದೆ. ಸೋಸಿ, ಮತ್ತೆ ಆಮ್ಲ ಸೇರಿಸಿ, ಸಿಲ್ವರ್ ಎಷ್ಟಿದೆ ಅಂತ ಅಳೆಯಿರಿ. ಬೀದಿಗೆ ಹೋಗುವವರು ಎರಡು ಬಾತ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಬಿಸಿಲಿನಲ್ಲಿ ಇದ್ದಾಗ ಇನ್ನೊಂದು ಕೆಲಸದಲ್ಲಿ ಇರುತ್ತದೆ.

ಕೊಲೋಡಿಯನ್ ತೀರಾ ಹೊಸದಾಗಿದ್ದರೂ ಮಬ್ಬು ಬರುತ್ತದೆ. ಹೊಸದು ತಿಳಿ ಬಣ್ಣದ್ದು, ಚುರುಕು ಜಾಸ್ತಿ. ಹಳೆಯದಾಗುತ್ತಾ ಕೆಂಪಾಗುತ್ತದೆ, ಮಂದವಾಗುತ್ತದೆ, ಆದರೆ ನೆರಳು ಶುಭ್ರವಾಗಿ ಬರುತ್ತದೆ. ಹಳೆಯದನ್ನು ಸ್ವಲ್ಪ ಬೆರೆಸಿ, ಅಥವಾ ಆಲ್ಕೋಹಾಲ್‌ನಲ್ಲಿ ಕರಗಿಸಿದ ಅಯೋಡಿನ್ ಒಂದೆರಡು ತೊಟ್ಟು ಹಾಕಿ.

ಗಲ್ಲಿಯ ಮಬ್ಬು ಬೇರೆ

ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಆದರೂ ಇಕ್ಕಟ್ಟು ಗಲ್ಲಿಯ ಚಿತ್ರ ಮಾತ್ರ ಮಬ್ಬು. ಇಲ್ಲಿ ಜನ ಬೆಳಕು ಜಾಸ್ತಿ ಆಯಿತು ಅಂದುಕೊಂಡು ಎಕ್ಸ್‌ಪೋಷರ್ ಇಳಿಸುತ್ತಾರೆ. ಆದದ್ದು ಹೆಚ್ಚಿನ ಸಲ ತದ್ವಿರುದ್ಧ. ಬೆಳಕು ಕಡಿಮೆ ಆಗಿದೆ. ಗೋಡೆಯ ವಿವರ ಬರಲಿ ಅಂತ ಡೆವಲಪರನ್ನು ಪ್ಲೇಟಿನ ಮೇಲೆ ಬಹಳ ಹೊತ್ತು ಬಿಟ್ಟಿದ್ದೀರಿ. ವಿವರ ಬರಲಿಲ್ಲ, ಮಬ್ಬು ಬಂತು.

ಇದನ್ನು ಕಂಡುಹಿಡಿಯುವುದು ಡೆವಲಪ್ ಆಗುವಾಗ. ಸರಿಯಾದ ಪ್ಲೇಟಿನಲ್ಲಿ ಮೊದಲು ಆಕಾಶ ಮತ್ತು ಬಿಳಿ ಗೋಡೆ ಮೂಡುತ್ತವೆ. ಆಮೇಲೆ ಬೀದಿ, ಬಾಗಿಲು. ಸುಮಾರು 15 ಸೆಕೆಂಡಿಗೆ ನೆರಳಿನ ವಿವರ ಇಣುಕುತ್ತದೆ. ಆಗ ನೀರು ಸುರಿಯಬೇಕು. ಡೆವಲಪರ್ ತಾಕಿದ ಎರಡು ಮೂರು ಸೆಕೆಂಡಿಗೇ ಎಲ್ಲವೂ ಒಟ್ಟಿಗೆ ಎದ್ದು ಬಂದರೆ ಬೆಳಕು ಜಾಸ್ತಿಯಾಗಿದೆ. ಆಕಾಶ ಬಂದು, ಗಲ್ಲಿ ಬಾರದೆ ನಿಂತರೆ ಕಡಿಮೆಯಾಗಿದೆ. ಡೆವಲಪರ್ ಹರಿಯುವಾಗ ಮನಸ್ಸಿನಲ್ಲೇ ಸೆಕೆಂಡ್ ಎಣಿಸಿ. ಈ ಅಭ್ಯಾಸಕ್ಕಿಂತ ದೊಡ್ಡ ಸಾಧನ ಇಲ್ಲ ಅಂತ ನನ್ನ ನಂಬಿಕೆ.

ಎಷ್ಟು ಬೆಳಕು ಬೇಕು? ಈಗಿನ ಲೆಕ್ಕದಲ್ಲಿ ಕೊಲೋಡಿಯನ್‌ನ ಐಎಸ್‌ಒ (ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ) ಸುಮಾರು 1, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಒಳ್ಳೆ ಬಿಸಿಲಿನಲ್ಲಿ ಎಫ್ 8ಕ್ಕೆ (ಲೆನ್ಸ್ ತೆರೆದಿರುವ ಅಳತೆ) ಕಾಲು ಸೆಕೆಂಡ್ ಸಾಕಾದರೆ, ಅದೇ ಬೀದಿಯ ನೆರಳಿಗೆ 2 ಸೆಕೆಂಡ್ ಬೇಕು. ಎತ್ತರದ ಗೋಡೆಗಳ ನಡುವಿನ ಗಲ್ಲಿಗೆ 16 ಸೆಕೆಂಡ್ ಕೂಡ ಕಡಿಮೆ ಬೀಳಬಹುದು. ಬೆಳಕು ಅಳೆಯುವ ಮೀಟರ್ ನಂಬಿ ಕೂರಬೇಡಿ. ಸಂಜೆಯ ಹಳದಿ ಬೆಳಕು ಮೀಟರ್‌ಗೆ ಚೆನ್ನಾಗಿ ಕಾಣುತ್ತದೆ, ಪ್ಲೇಟಿಗೆ ಕಾಣುವುದಿಲ್ಲ. ಸಂಜೆ ಐದರ ಮೇಲೆ ತೆಗೆದ ಪ್ಲೇಟುಗಳೆಲ್ಲ ಬಡಕಲಾಗಿ ಬರುತ್ತಿದ್ದರೆ ಕಾರಣ ಇದೇ.

ಆನನ್ ಅವರ ಗ್ಲಾಸ್ಗೋ ಚಿತ್ರಗಳನ್ನು ಈ ಕಣ್ಣಿನಿಂದ ನೋಡಿ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ಮೇಲೆ ಒಂದು ಸೀಳು ಆಕಾಶ. ಆಕಾಶ ಪೂರ್ತಿ ಬೆಳ್ಳಗೆ ಹೋಗಿದೆ. ಆದರೆ ಕಲ್ಲಿನ ತೇವ, ನಡುವಿನ ಚರಂಡಿ, ಮೆಟ್ಟಿಲು ಎಲ್ಲ ಇದೆ. ನೆರಳಿಗೆ ಬೇಕಾದಷ್ಟು ಹೊತ್ತು ಕೊಟ್ಟು ಆಕಾಶವನ್ನು ಕೈಬಿಟ್ಟರೆ ಬರುವ ಚಿತ್ರ ಹೀಗಿರುತ್ತದೆ. ಆ ಮನೆಗಳನ್ನು ಕೆಡವಲು ನಗರ 1866ರಲ್ಲೇ ಕಾನೂನು ಮಾಡಿಸಿಕೊಂಡಿತ್ತು. ಕೆಡವುವ ಮುಂಚೆ ದಾಖಲೆ ಇರಲಿ ಅಂತ ಅವರಿಗೆ ಕೆಲಸ ಒಪ್ಪಿಸಿದ್ದರು. ಆಕಾಶಕ್ಕಿಂತ ಗೋಡೆ ಮುಖ್ಯ ಅನ್ನುವುದರಲ್ಲಿ ಅನುಮಾನ ಇರಲಿಲ್ಲ.

ಜನ ಮಾಯವಾದರೆ, ಅರ್ಧ ಮಾತ್ರ ಬಂದರೆ

1838ರಲ್ಲಿ, ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬರಾದ ಲೂಯಿ ದಾಗೇರ್ ಪ್ಯಾರಿಸ್‌ನಲ್ಲಿ ತಮ್ಮ ಕಿಟಕಿಯಿಂದ ಬುಲ್ವಾರ್ ದ್ಯು ತಾಂಪ್ಲ್ ಬೀದಿಯನ್ನು ಬೆಳ್ಳಿ ತಗಡಿನ ಮೇಲೆ ತೆಗೆದರು. ಅದು ಗಾಡಿ, ಜನ ತುಂಬಿ ತುಳುಕುವ ಬೀದಿ. ಚಿತ್ರದಲ್ಲಿ ಖಾಲಿ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತ ಒಬ್ಬ ಮನುಷ್ಯ ಮಾತ್ರ ಉಳಿದಿದ್ದಾನೆ. ಪಾಲಿಶ್ ಮಾಡುವವನು ಅರ್ಧಂಬರ್ಧ. ಮರುವರ್ಷ ಅದನ್ನು ನೋಡಿದ ಟೆಲಿಗ್ರಾಫ್‌ಗೆ ಹೆಸರಾದ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ಊರಿಗೆ ಬರೆದ ಪತ್ರದಲ್ಲಿ ಇದನ್ನೇ ವರ್ಣಿಸಿದರು. ಎಕ್ಸ್‌ಪೋಷರ್ ಕೆಲವು ನಿಮಿಷಗಳದ್ದು. ಅಷ್ಟು ಹೊತ್ತು ಒಂದೇ ಕಡೆ ಇದ್ದವನು ಮಾತ್ರ ಉಳಿದ.

ನಿಮ್ಮ ಪ್ಲೇಟಿನಲ್ಲೂ ಇದೇ ಲೆಕ್ಕ. ಎಕ್ಸ್‌ಪೋಷರ್‌ನ ಉದ್ದಕ್ಕೂ ನಿಂತವರು ಗಟ್ಟಿಯಾಗಿ ಬರುತ್ತಾರೆ. ಅರ್ಧ ಹೊತ್ತು ನಿಂತು ಹೋದವರ ಮೈಯೊಳಗಿಂದ ಹಿಂದಿನ ಗೋಡೆ ಕಾಣುತ್ತದೆ. ನಡೆದು ಹೋದವರು ಬರುವುದೇ ಇಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಕತ್ತಲೆ ಗೋಡೆಯ ಮುಂದೆ ಹೋದವರು ಮಾತ್ರ ಒಂದು ಬಿಳಿ ಗೆರೆ ಬಿಟ್ಟು ಹೋಗುತ್ತಾರೆ.

ಈ ಅರ್ಧ ಆಕೃತಿಗಳನ್ನು ಔಷಧಿಯ ಕಲೆ ಅಂತ ತಪ್ಪು ತಿಳಿಯುವುದುಂಟು. ವ್ಯತ್ಯಾಸ ಸುಲಭ. ಮನುಷ್ಯನ ಮಸುಕು ನೆಲಕ್ಕೆ ಅಂಟಿಕೊಂಡಿರುತ್ತದೆ, ದೂರಕ್ಕೆ ತಕ್ಕ ಎತ್ತರ ಇರುತ್ತದೆ. ಎಷ್ಟೋ ಸಲ ಮೈ ಅಲುಗಿ, ಪಾದ ಮಾತ್ರ ಚೊಕ್ಕವಾಗಿ ಬಂದಿರುತ್ತದೆ. ಔಷಧಿಯ ಕಲೆಗೆ ಇದ್ಯಾವುದೂ ಗೊತ್ತಿಲ್ಲ. ಅದು ಗೋಡೆ, ಆಕಾಶ, ರಸ್ತೆ ಎಲ್ಲದರ ಮೇಲೂ ಒಂದೇ ಸಮ ಹಾದು ಹೋಗುತ್ತದೆ.

ನಡೆಯುವ ಜನ ಬೇಕೇ ಬೇಕು ಅಂದರೆ ಲೆಕ್ಕ ಹಾಕಿ. ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ನಡೆಯುತ್ತಾನೆ. 200 ಮಿಲಿಮೀಟರ್ ಲೆನ್ಸಿನ ಮುಂದೆ 20 ಮೀಟರ್ ದೂರದಲ್ಲಿ ಅಡ್ಡ ಹಾದು ಹೋದರೆ, ಪ್ಲೇಟಿನ ಮೇಲೆ ಸೆಕೆಂಡಿಗೆ 14 ಮಿಲಿಮೀಟರ್ ಜಾರುತ್ತಾನೆ. 120 ಮಿಲಿಮೀಟರ್ ಲೆನ್ಸ್, 30 ಮೀಟರ್ ದೂರ ಆದರೆ ಸುಮಾರು ಐದೂವರೆ ಮಿಲಿಮೀಟರ್. ಅಡ್ಡ ಹೋಗದೆ ನಿಮ್ಮ ಕಡೆಗೇ ನಡೆದು ಬಂದರೆ ಇನ್ನೂ ಬಹಳ ಕಡಿಮೆ. ಎಫ್ 4ಕ್ಕೆ ತೆರೆದು, ಒಳ್ಳೆ ಬಿಸಿಲಿನಲ್ಲಿ ಸೆಕೆಂಡಿನ 16ನೇ ಒಂದು ಭಾಗ ಕೊಟ್ಟರೆ ಆಕೃತಿ ನಿಲ್ಲುತ್ತದೆ. 1859ರಲ್ಲಿ ಎಡ್ವರ್ಡ್ ಆಂಥನಿ ನ್ಯೂಯಾರ್ಕ್‌ನ ಬ್ರಾಡ್‌ವೇಯನ್ನು, ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಎಡಿನ್‌ಬರೋದ ಪ್ರಿನ್ಸಸ್ ಬೀದಿಯನ್ನು ಜನ, ಗಾಡಿ ಸಮೇತ ಹಿಡಿದರು. ಎರಡೂ ಸ್ಟೀರಿಯೋ ಚಿತ್ರಗಳು (ಆಳ ಕಾಣುವಂತೆ ನೋಡುವ ಜೋಡಿ ಚಿತ್ರಗಳು). ಪುಟ್ಟ ಪ್ಲೇಟ್, ಗಿಡ್ಡ ಲೆನ್ಸ್. ಬೀದಿಯ ಉದ್ದಕ್ಕೆ ನೋಡುವ ಎತ್ತರದ ಜಾಗ ಸಿಕ್ಕರೆ ಜನ ದೂರವೂ ಆಗುತ್ತಾರೆ, ಅಡ್ಡ ಹಾಯುವುದೂ ಕಡಿಮೆಯಾಗುತ್ತದೆ. ದೊಡ್ಡ ಪ್ಲೇಟಿನಲ್ಲಿ, ನೆಲದ ಮೇಲೆ ನಿಂತು ಇದನ್ನು ಮಾಡಲು ಹೊರಟರೆ ಸೋಲು ಖಂಡಿತ. ಅದು ನಿಮ್ಮ ಔಷಧಿಯ ತಪ್ಪಲ್ಲ. ಕೈಯಲ್ಲಿ ಮುಚ್ಚಳ ತೆಗೆದು ಹಾಕುವ ವೇಗವೂ ಇದಕ್ಕೆ ಸಾಲದು. ಲೆನ್ಸ್ ಮುಂದೆ ಬೀಳುವ ಹಲಗೆ ಷಟರ್ ಬೇಕು.

ದೊಡ್ಡ ಪ್ಲೇಟಿಗೆ ಇರುವ ದಾರಿ ಜನರನ್ನು ನಿಲ್ಲಲು ಕೇಳುವುದು. ಗ್ಲಾಸ್ಗೋ ಗಲ್ಲಿಗಳ ಕೆಲವು ಚಿತ್ರಗಳಲ್ಲಿ ಅಲ್ಲಿನ ಜನ ಗೋಡೆಗೆ ಒರಗಿ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಕೆಲವರ ಮುಖ ಅಲುಗಿದೆ. ಮೇಲೆ ಒಣಹಾಕಿದ ಬಟ್ಟೆಗಳು ಗಾಳಿಗೆ ಮಸುಕಾಗಿವೆ. ಒರಗಲು ಏನಾದರೂ ಆಸರೆ ಇದ್ದವರು ಚೆನ್ನಾಗಿ ಬರುತ್ತಾರೆ. ನಿಲ್ಲಿಸುವ ಜಾಗ ಆರಿಸುವಾಗ ಇದು ನೆನಪಿರಲಿ.

ಒಣಗಿದ ಪ್ಲೇಟ್, ಚಿಪ್ಪಿನಂಥ ಕಲೆ

ಬಾತ್‌ನಿಂದ ಎತ್ತಿದ ಕ್ಷಣದಿಂದ ಗಡಿಯಾರ ಓಡುತ್ತಿರುತ್ತದೆ. ತಂಪಾದ ದಿನ ಹತ್ತು ನಿಮಿಷ ಸಿಗಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಐದು ನಿಮಿಷವನ್ನೇ ಮಿತಿ ಅಂದುಕೊಳ್ಳಿ. ನೀರು ಆರಿದ ಹಾಗೆ ಪದರದ ಮೇಲಿನ ಸಿಲ್ವರ್ ನೈಟ್ರೇಟ್ ಗಟ್ಟಿಯಾಗುತ್ತಾ ಹೋಗುತ್ತದೆ, ಅಯೋಡೈಡನ್ನೇ ಕರಗಿಸಿ ತಿನ್ನುತ್ತದೆ. ಒಣಗಿದ ಜಾಗಕ್ಕೆ ಡೆವಲಪರ್ ಸರಿಯಾಗಿ ಹರಿಯುವುದೂ ಇಲ್ಲ.

ಹೋಲ್ಡರ್‌ನಲ್ಲಿ ಪ್ಲೇಟ್ ನೆಟ್ಟಗೆ ನಿಂತಿರುತ್ತದೆ. ಬೆಳ್ಳಿಯ ದ್ರವ ಕೆಳಕ್ಕೆ ಇಳಿಯುತ್ತದೆ. ಮೇಲಿನ ಅಂಚು ಮೊದಲು ಒಣಗುತ್ತದೆ. ಅಂದರೆ ಚಿತ್ರದಲ್ಲಿ ರಸ್ತೆಯ ಕಡೆ ಚುಕ್ಕಿ ಚುಕ್ಕಿಯಾದ, ಜೀವ ಇಲ್ಲದ ಪಟ್ಟಿ ಬರುತ್ತದೆ. ಅದು ಕಂಡರೆ ಬೇರೆ ಏನೂ ಹುಡುಕಬೇಡಿ, ಸಮಯ ಉಳಿಸಿ. ಪ್ಲೇಟ್ ಸುರಿಯುವ ಮುಂಚೆಯೇ ಫೋಕಸ್ ಮುಗಿಸಿ. ನಿಲ್ಲುವವರನ್ನು ನಿಲ್ಲಿಸಿ ಅಭ್ಯಾಸ ಮಾಡಿಸಿ. ಡೇರೆಯನ್ನು ಕ್ಯಾಮೆರಾದ ಪಕ್ಕಕ್ಕೇ ತನ್ನಿ. ಹೋಲ್ಡರ್‌ನಲ್ಲಿ ಪ್ಲೇಟಿನ ಹಿಂದೆ ಒದ್ದೆ ಬ್ಲಾಟಿಂಗ್ ಕಾಗದ ಇಡಿ. ಅದು ಕೆಂಪು ಬಣ್ಣದ್ದಾದರೆ ಇನ್ನೊಂದು ಲಾಭ ಇದೆ. ಆಕಾಶದ ಬೆಳಕು ಗಾಜಿನ ಹಿಂಬದಿಗೆ ಬಡಿದು ವಾಪಸ್ ಬಂದು ಸೂರಿನ ಅಂಚನ್ನು ತಿನ್ನುವುದು ಕಡಿಮೆಯಾಗುತ್ತದೆ.

ಇನ್ನು ಆಕಾಶದ ಕಡೆ, ಅಂಚಿನಿಂದ ಒಳಕ್ಕೆ ಬಾಗಿ ಬಾಗಿ ಬಂದ, ಸಿಂಪಿ ಚಿಪ್ಪಿನ ಗೆರೆಗಳಂಥ ಕಲೆಗಳು. ಹೋಲ್ಡರ್ ತಳದಲ್ಲಿ ನಿಂತ ಬೆಳ್ಳಿಯ ದ್ರವ ಮರದ ಕೊಳೆ ಸೇರಿಸಿಕೊಂಡು ಪ್ಲೇಟಿನ ಮೇಲಕ್ಕೆ ಹತ್ತಿದ್ದರಿಂದ ಇವು ಬರುತ್ತವೆ. ಹೋಲ್ಡರ್ ಹೊತ್ತುಕೊಂಡು ಬಿರಬಿರನೆ ನಡೆದರೆ, ಅಡ್ಡ ಹಿಡಿದರೆ ಇನ್ನೂ ಜಾಸ್ತಿ. ಬಾತ್‌ನಿಂದ ಎತ್ತಿದ ಮೇಲೆ ಚೆನ್ನಾಗಿ ಬಸಿಯಿರಿ. ಪ್ಲೇಟಿನ ಹಿಂಬದಿ ಒರೆಸಿ, ಕೆಳಗಿನ ಅಂಚನ್ನು ಬ್ಲಾಟಿಂಗ್ ಕಾಗದಕ್ಕೆ ಒತ್ತಿ. ಹೋಲ್ಡರ್‌ನ ಮೂಲೆಗಳಿಗೆ ಅರಗಿನ ವಾರ್ನಿಶ್ ಹಚ್ಚಿ. ಒಂದೊಂದು ಪ್ಲೇಟ್ ಆದಮೇಲೂ ಒಳಗೆ ಒರೆಸಿ. ಬಾತ್‌ನಿಂದ ಹೋಲ್ಡರ್‌ಗೆ, ಹೋಲ್ಡರ್‌ನಿಂದ ಡೇರೆಗೆ, ಎಲ್ಲೂ ಪ್ಲೇಟನ್ನು ತಲೆಕೆಳಗು ಮಾಡಬೇಡಿ.

ಬಿಸಿ ಊರುಗಳಲ್ಲಿ ಈ ಕಷ್ಟ ಹಿಂದಿನಿಂದಲೂ ಇದೆ. ಬೆಂಗಳೂರಿನಲ್ಲಿದ್ದ ಮದ್ರಾಸ್ ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳನ್ನು ತೆಗೆದವರು. ಮುಂದೆ ಅವರು ಹೆಚ್ಚಾಗಿ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದನ್ನು ಮೊದಲೇ ತಯಾರಿಸಿ, ಒಣಗಿಸಿ ಹೊತ್ತೊಯ್ಯಬಹುದು. ಬೆಳಕು ಕೊಟ್ಟ ತಕ್ಷಣ ಡೆವಲಪ್ ಮಾಡಬೇಕು ಅಂತಲೂ ಇಲ್ಲ. ಆದರೆ ಅದಕ್ಕೆ ನಿಮಿಷಗಟ್ಟಲೆ ಎಕ್ಸ್‌ಪೋಷರ್ ಬೇಕು. ಗುಡಿ ನಿಂತಿರುತ್ತದೆ, ಬೀದಿ ನಿಲ್ಲುವುದಿಲ್ಲ.

ಚಿತ್ರ ಚೊಕ್ಕವಾಗಿ ಬರದಿದ್ದರೆ

ರಸ್ತೆಯನ್ನು ಹತ್ತಿರದಿಂದ ದೂರದವರೆಗೆ ಭೂತಗನ್ನಡಿ ಹಿಡಿದು ನೋಡಿ. ಬೀದಿ ದೀಪದ ಕಂಬಗಳ ಸಾಲು ಇದ್ದರೆ ಬಹಳ ಅನುಕೂಲ. ನೀವು ಫೋಕಸ್ ಮಾಡಿದ ಕಂಬ ಮಸುಕಾಗಿ, ಅದರ ಹಿಂದಿನದೋ ಮುಂದಿನದೋ ಚೊಕ್ಕವಾಗಿ ಬಂದಿದ್ದರೆ ಎರಡೇ ಕಾರಣ. ಒಂದು, ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಮಸುಕು ಗಾಜು) ಇರುವ ಆಳ ಮತ್ತು ಹೋಲ್ಡರ್‌ನಲ್ಲಿ ಪ್ಲೇಟ್ ಕೂರುವ ಆಳ ಒಂದೇ ಇಲ್ಲ. ಸ್ಕೇಲ್ ಇಟ್ಟು ಅಳೆಯಿರಿ. ಎರಡು, ಲೆನ್ಸ್ ಹಳೆಯದು. ಕಣ್ಣಿಗೆ ಕಾಣುವ ಹಳದಿ ಬೆಳಕು ಒಂದು ಕಡೆ ಸೇರಿದರೆ, ಪ್ಲೇಟಿಗೆ ತಾಕುವ ನೀಲಿ ಬೆಳಕು ಇನ್ನೊಂದು ಕಡೆ ಸೇರುತ್ತದೆ. ಫೋಟೋಗ್ರಾಫರ್ ಆಂಟ್ವಾನ್ ಕ್ಲೋಡೆ 1840ರ ದಶಕದಲ್ಲೇ ಲಂಡನ್ನಿನಲ್ಲಿ ಇದರ ಬೆನ್ನು ಹತ್ತಿ ಪರೀಕ್ಷೆ ಮಾಡಿದ್ದರು. ಒಮ್ಮೆ ವ್ಯತ್ಯಾಸ ಎಷ್ಟು ಅಂತ ಕಂಡುಕೊಂಡು ಕ್ಯಾಮೆರಾದ ಹಲಗೆ ಮೇಲೆ ಗೆರೆ ಎಳೆದುಕೊಳ್ಳಿ.

ಯಾವ ಕಂಬವೂ ಚೊಕ್ಕವಾಗಿಲ್ಲ, ಅಂಚುಗಳೆಲ್ಲ ಒಂದೇ ದಿಕ್ಕಿಗೆ ಜೋಡಿ ಜೋಡಿಯಾಗಿವೆ ಅಂದರೆ ಕ್ಯಾಮೆರಾ ಅಲುಗಿದೆ. ಪಕ್ಕದಲ್ಲಿ ಬಸ್ಸು, ಲಾರಿ ಹೋದರೂ ಸಾಕು. ಸ್ಟ್ಯಾಂಡಿಗೆ ಭಾರ ತೂಗುಹಾಕಿ. ಮುಚ್ಚಳವನ್ನು ಮೊದಲು ಸಡಿಲಿಸಿ ಲೆನ್ಸ್ ಮುಂದೆಯೇ ಹಿಡಿದುಕೊಂಡು, ನಡುಕ ನಿಂತ ಮೇಲೆ ಸರಿಸಿ.

ಸಣ್ಣಪುಟ್ಟವು

ಬಾಲ ಇರುವ ಚುಕ್ಕಿಗಳು ಧೂಳಿನವು ಅಥವಾ ಸೋಸದ ಡೆವಲಪರ್‌ನವು. ಬಾಲ ಡೆವಲಪರ್ ಹರಿದ ದಿಕ್ಕಿಗೇ ಇದ್ದರೆ ಡೆವಲಪರ್ ಸೋಸಿ. ಬೀದಿಯಲ್ಲಿ ಡೇರೆಯ ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಅರ್ಧ ಇಳಿಯುತ್ತದೆ.

ಬಸಿದ ಮೂಲೆಯ ಕಡೆ ಓರೆ ಗೆರೆಗಳು ಬಂದರೆ ಕೊಲೋಡಿಯನ್ ದಪ್ಪವಾಗಿದೆ, ಅಥವಾ ಬಸಿಯುವಾಗ ಪ್ಲೇಟ್ ತೂಗಾಡಿಸಲಿಲ್ಲ. ಬಿಸಿಲಿಗೆ ಈಥರ್ ಬೇಗ ಹಾರುವುದರಿಂದ ಅದು ದಪ್ಪವಾಗುತ್ತಲೇ ಇರುತ್ತದೆ. ಸ್ವಲ್ಪ ಈಥರ್, ಆಲ್ಕೋಹಾಲ್ ಸೇರಿಸಿ. ಅಡ್ಡಡ್ಡ ಒಂದೇ ಗೆರೆ ಇದ್ದರೆ ಡೆವಲಪರ್ ನಡುವೆ ನಿಂತು ಮುಂದೆ ಹರಿದಿದೆ. ಎಣ್ಣೆ ಹರಿದ ಹಾಗೆ ಕವಲು ಕವಲಾಗಿದ್ದರೆ ಡೆವಲಪರ್‌ಗೆ ಆಲ್ಕೋಹಾಲ್ ಸಾಲದು. ಡೆವಲಪರ್ ಬಿದ್ದ ಜಾಗ ಮಾತ್ರ ತೆಳ್ಳಗಿದ್ದರೆ ಎತ್ತರದಿಂದ ಸುರಿದಿದ್ದೀರಿ. ಪದರದ ಮೇಲಿನ ಬೆಳ್ಳಿ ಅಲ್ಲಿ ಕೊಚ್ಚಿ ಹೋಗಿದೆ. ಪದರವೇ ಎದ್ದು ಬಂದರೆ ಗಾಜು ಸರಿಯಾಗಿ ಉಜ್ಜಿಲ್ಲ.

ಆಕಾಶದಲ್ಲಿ ಮೋಡ ಇಲ್ಲ ಅನ್ನುವುದು ತಪ್ಪಲ್ಲ, ಕೊಲೋಡಿಯನ್‌ನ ಸ್ವಭಾವ. ಕೆಂಪು ಬೋರ್ಡಿನ ಮೇಲಿನ ಹಳದಿ ಅಕ್ಷರ ಕರಿಯ ಮೇಲೆ ಕರಿಯಾಗಿ ಮಾಯವಾಗುವುದೂ ಅದೇ ಕಾರಣಕ್ಕೆ. ಟ್ರೈಪ್ ಅಂಥವರು ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆಯುತ್ತಿದ್ದರು. ನನಗೆ ಖಾಲಿ ಆಕಾಶವೇ ಇಷ್ಟ.

ಬೀದಿಯಲ್ಲಿ ಎಚ್ಚರ

ಈಥರ್ ಆವಿ ನೆಲದ ಮೇಲೆ ತೆವಳುತ್ತಾ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಡೇರೆಯ ಹತ್ತಿರ ಬೀಡಿ, ಸಿಗರೇಟು, ಒಲೆ ಏನೂ ಬೇಡ. ನೋಡಲು ಬರುವ ಜನಕ್ಕೆ ಮೊದಲೇ ಹೇಳಿ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ಗ್ಲೌಸ್ ಇಲ್ಲದೆ ಬಾತ್ ಮುಟ್ಟಬೇಡಿ. ಹಿಂದಿನವರು ಫಿಕ್ಸ್ ಮಾಡಲು ಪೊಟ್ಯಾಸಿಯಂ ಸಯನೈಡ್ ಬಳಸುತ್ತಿದ್ದರು. ಡೆವಲಪರ್‌ನ ಆಸಿಡ್ ಅದಕ್ಕೆ ತಾಗಿದರೆ ಪ್ರಾಣ ತೆಗೆಯುವ ಅನಿಲ ಬರುತ್ತದೆ. ಮುಚ್ಚಿದ ಡೇರೆ, ಸುತ್ತ ಮಕ್ಕಳು. ಬೇಡವೇ ಬೇಡ. ಹೈಪೋ (ಸೋಡಿಯಂ ಥಯೋಸಲ್ಫೇಟ್) ಸ್ವಲ್ಪ ನಿಧಾನ ಆದರೂ ಸಾಕು. ಬಳಸಿದ ನೀರನ್ನು ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ವಾಪಸ್ ತನ್ನಿ.

ಅಂಗಡಿ ಬೋರ್ಡು ಉಲ್ಟಾ ಬಂದರೆ

ತಗಡಿನ ಮೇಲೆ ತೆಗೆದ ಪಾಸಿಟಿವ್‌ನಲ್ಲಿ ಎಡ ಬಲ ಅದಲು ಬದಲಾಗಿಯೇ ಇರುತ್ತದೆ. ದಾಗೇರ್ ಅವರ ಬೀದಿಯೂ ಹಾಗೇ ಇತ್ತು. ತಗಡಿನಲ್ಲಿ ಇದಕ್ಕೆ ಇರುವ ಉಪಾಯ ಲೆನ್ಸ್ ಮುಂದೆ 45 ಡಿಗ್ರಿಗೆ ಕನ್ನಡಿ ಅಥವಾ ಪ್ರಿಸಂ ಇಡುವುದು. ಅದು ಬೆಳಕು ತಿನ್ನುತ್ತದೆ, ಎಕ್ಸ್‌ಪೋಷರ್ ಹೆಚ್ಚಿಸಬೇಕು. ಬಿಳಿ ಗಾಜಿನ ಪಾಸಿಟಿವ್ ಆದರೆ ಪ್ಲೇಟ್ ತಿರುಗಿಸಿ, ಪದರದ ಹಿಂದೆ ಕಪ್ಪು ಬಟ್ಟೆ ಇಟ್ಟು ಗಾಜಿನ ಕಡೆಯಿಂದ ನೋಡಿದರೆ ಸರಿಯಾಗಿ ಕಾಣುತ್ತದೆ. ಪದರಕ್ಕೆ ಮೊದಲು ವಾರ್ನಿಶ್ ಹಾಕಿರಬೇಕು. ನೆಗೆಟಿವ್‌ನಲ್ಲಿ ಈ ತಲೆನೋವೇ ಇಲ್ಲ, ಪ್ರಿಂಟ್ ತೆಗೆದಾಗ ತಾನಾಗಿ ಸರಿಯಾಗುತ್ತದೆ. ನೆಗೆಟಿವ್‌ನಿಂದ ತೆಗೆದ ಪ್ರಿಂಟಿನಲ್ಲೂ ಅಕ್ಷರ ಉಲ್ಟಾ ಇದ್ದರೆ ಪ್ರಿಂಟಿಂಗ್ ಫ್ರೇಮ್‌ನಲ್ಲಿ ಪ್ಲೇಟನ್ನು ಹಿಂದುಮುಂದಾಗಿ ಇಟ್ಟಿದ್ದೀರಿ. ಪದರದ ಮುಖ ಕಾಗದಕ್ಕೆ ತಾಗುವ ಹಾಗೆ ಇಟ್ಟು ಇನ್ನೊಂದು ಪ್ರಿಂಟ್ ತೆಗೆಯಿರಿ.